ಆಷಾಢದ ಪ್ರಸ್ಥಾನ

ಸಂಸೆಯ ಉಮಾಮಹೇಶ್ವರ ಭಟ್ಟರ ಮನೆಯಲ್ಲಿ ಫೋನು ಇರಲಿಲ್ಲ. ಹುಟ್ಟು, ಸಾವು, ಪೂಜೆಯ ದಿನ, ಯಾವುದೇ ಸುದ್ದಿಯಾದರೂ ಗದ್ದೆಯಾಚೆಯ ಶಂಕರಗೌಡರ ಮನೆಯ ಫೋನಿಗೆ ಬರಬೇಕು, ಗೌಡರ ಹೆಂಡತಿ ಕೃಷ್ಣಮ್ಮ ಜಗಲಿಯ ತುದಿಗೆ ಬಂದು ಕೂಗಬೇಕು. ಭಟ್ಟರ ಹೆಂಡತಿ ತ್ರಿಪುರಸುಂದರಿಗೆ ಆ ಕೂಗಿನಲ್ಲೇ ಸುದ್ದಿ ಒಳ್ಳೆಯದೋ ಕೆಟ್ಟದ್ದೋ ತಿಳಿದುಬಿಡುತ್ತಿತ್ತು. ಅಪ್ಪ ರಾಗವಾಗಿ ಓದುತ್ತಿದ್ದ ಪದ್ಯಗಳನ್ನು ಕೇಳಿಕೊಂಡೇ ಬೆಳೆದವಳು ಅವಳು. ಅರ್ಥಕ್ಕಿಂತ ಮೊದಲು ದನಿ ಹಿಡಿಯುವುದು ಅವಳಿಗೆ ಅಭ್ಯಾಸ. ಎರಡು ಸಾವಿರದ ಮೂರನೇ ಇಸವಿಯ ಆಷಾಢದ ಆ ಬೆಳಗ್ಗೆ ಮಾತ್ರ ಕೂಗು ಯಾವ ಬಗೆಯದೆಂದು ಗೊತ್ತಾಗದೆ, ಕಾವಲಿಯ ಮೇಲಿನ ನೀರುದೋಸೆ ಸೀಯುವ ತನಕ ಸಟ್ಟುಗ ಹಿಡಿದುಕೊಂಡೇ ನಿಂತಳು.

ಫೋನು ಮಾಡಿದ್ದವರು ಕಳಸದ ಕಾಲೇಜಿನ ಆಟದ ಮೇಷ್ಟ್ರು ರೇವಣ್ಣ. ಮಗಳು ಮಾಲವಿಕಾಳಿಗೆ ಮೈಸೂರಿನ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದೆ, ಹೊಸದಾಗಿ ಶುರುವಾದ ಕ್ರೀಡಾ ಅಭಿವೃದ್ಧಿಯ ಕೋರ್ಸಿಗೆ. ಹೇಳಿದ ದಿನ ಬೆಳಗ್ಗೆಯೇ ಹಾಜರಾಗಬೇಕು. ಅಂದೇ ಮೈದಾನದಲ್ಲಿ ಮತ್ತೊಮ್ಮೆ ಓಡಿಸಿ ನೋಡುತ್ತಾರೆ. ಓಡಲಾರದವರಿಗೂ ತಡವಾಗಿ ಬಂದವರಿಗೂ ಅಲ್ಲಿ ಜಾಗವಿಲ್ಲ. ಮೇಷ್ಟ್ರು ಕೊಟ್ಟ ತಾರೀಕನ್ನು ಸುಂದರಿ ಮನಸ್ಸಿನಲ್ಲೇ ಪಂಚಾಂಗಕ್ಕೆ ಹೊಂದಿಸಿಕೊಂಡಳು. ಬಹುಳ ಏಕಾದಶಿ. ಆಷಾಢ ಆಗಲೂ ಮುಗಿದಿರುವುದಿಲ್ಲ.

ಅರ್ಜಿಗೆ ಸಹಿ ಹಾಕಿದ್ದವರು ಭಟ್ಟರೇ. ಖೋ ಖೋ ಆಡುವ ಹುಡುಗಿಯರು ರಾಜ್ಯದಲ್ಲಿ ಎಷ್ಟಿಲ್ಲ, ಇವಳಿಗೆಲ್ಲಿ ಸಿಗುತ್ತದೆ ಎಂಬ ಧೈರ್ಯದ ಮೇಲೆ ಹಾಕಿದ್ದರು. ಮಧ್ಯಾಹ್ನ ಎಲೆಯ ಮುಂದೆ ಕೂತಾಗ ಸುದ್ದಿ ಕೇಳಿ ಅವರು ತಂಬುಳಿ ಕಲಸುತ್ತಿದ್ದ ಕೈ ನಿಲ್ಲಿಸಲಿಲ್ಲ.

"ಆಟ ಕಲಿಯಕ್ಕೆ ವಿಶ್ವವಿದ್ಯಾಲಯಾನಾ?" ಎಂದರು.

"ಆಡೋದು ಕಲಿಸೋದಲ್ಲ ಅಪ್ಪಯ್ಯ. ಆಟ ಇಲ್ಲದ ಕಡೆ ಆಟ ಬೆಳೆಸೋದು ಹೇಗೆ ಅಂತ ಕಲಿಸ್ತಾರೆ."

"ಬೆಳೆಸಕ್ಕೆ ಅದೆಂತ ಕಾಫಿ ಗಿಡವಾ?"

"ಕಾಫಿಗೆ ಬೋರ್ಡು ಇಲ್ವಾ? ಗಿಡಕ್ಕೆ ರೋಗ ಬಂದ್ರೆ ಆಫೀಸರು ಜೀಪಲ್ಲಿ ಬರ್ತಾರಲ್ಲ, ಹಾಗೇ ಆಟಕ್ಕೂ ಇಲಾಖೆ ಇದೆ. ಎಲ್ಲಿ ಮೈದಾನ ಮಾಡ್ಬೇಕು, ಹೆಣ್ಣುಮಕ್ಕಳು ಹೈಸ್ಕೂಲು ಮುಗಿದ ಕೂಡಲೆ ಆಡೋದು ಎಂತಕ್ಕೆ ಬಿಡ್ತಾರೆ, ಪಂದ್ಯ ನಡೆಸಕ್ಕೆ ದುಡ್ಡು ಎಲ್ಲಿಂದ ತರೋದು, ಅದೆಲ್ಲ ಓದಿದ್ರೆ ಇಲಾಖೇಲಿ ಕೆಲಸ ಸಿಗತ್ತೆ ಅಪ್ಪಯ್ಯ."

ಒಳಕೋಣೆಯ ಬಾಗಿಲಲ್ಲಿ ಹಲಸಿನ ಬೀಜ ಸುಲಿಯುತ್ತಿದ್ದ ಅಜ್ಜಿ, ಭಟ್ಟರ ತಾಯಿ, ತಲೆಯೆತ್ತದೆಯೇ ಕೇಳಿದರು. "ಅಲ್ಲಿ ಚಡ್ಡಿ ಹಾಕ್ಬೇಕಾ?"

"ಇಲ್ಲಜ್ಜಿ, ಉದ್ದದ ಪ್ಯಾಂಟು."

"ಕಾಲು ಕಾಣಲ್ವಾ?"

"ಕಾಣಲ್ಲ."

"ಮತ್ತೆ ಓಡೋದು ಹ್ಯಾಗೆ?"

ಮಾಲವಿಕಾ ನಕ್ಕುಬಿಟ್ಟಳು. ಅಜ್ಜಿ ನಗಲಿಲ್ಲ. ಭಟ್ಟರು ಮಜ್ಜಿಗೆ ಸುರಿದುಕೊಂಡು, ಇದು ಆಷಾಢ, ಶೂನ್ಯಮಾಸ, ಹೊಸದೆಂಬುದನ್ನು ಯಾರೂ ಶುರು ಮಾಡುವುದಿಲ್ಲ, ಶ್ರಾವಣ ಬರಲಿ ನೋಡೋಣ ಎಂದು ಎದ್ದರು. ಸುಂದರಿ ಈ ಮನೆಗೆ ಬಂದಂದಿನಿಂದ ಅವರು 'ನೋಡೋಣ' ಎಂದ ಯಾವುದೂ ಆದದ್ದಿಲ್ಲ. ಜಗಳವಾಡುವ ಗಂಡನಾಗಿದ್ದರೆ ಎದುರಾಡಬಹುದಿತ್ತು. ಭಟ್ಟರದು ಜಗಳವಿಲ್ಲದ 'ಇಲ್ಲ'.

ಶನಿವಾರ ಸಂಜೆಯ ಬಸ್ಸಿಗೆ ಮಗ ಅಭಿರಾಮ ಬಂದ. ಕೊಟ್ಟಿಗೆಹಾರದ ಹತ್ತಿರದ ಒಂದು ಎಸ್ಟೇಟಿನಲ್ಲಿ ಅವನು ರೈಟರು. ಆಳುಗಳ ಹಾಜರಿ ಬರೆದು ವಾರವಿಡೀ ಮೇಸ್ತ್ರಿಗಳ ಜೊತೆ ಗಂಟಲು ಹರಿದುಕೊಂಡು ಮನೆಗೆ ಬಂದರೆ ಅವನಿಗೆ ಮಾತು ಬೇಡ, ಬಿಸಿ ಅನ್ನ ಬೇಕು. ಅವನಿಗೆಂದೇ ಸುಂದರಿ ಎಳೆ ಬಿದಿರಿನ ಕಳಲೆ ಪಲ್ಯ ಮಾಡಿದ್ದಳು. ಎರಡನೇ ಸಲ ಬಡಿಸುವ ಹೊತ್ತಿಗೆ ತಂಗಿಯ ಸುದ್ದಿ ಹೇಳಿದಳು.

ಅಭಿರಾಮ ತಂಗಿಯ ಕಡೆ ನೋಡಿ, "ಹಾಗಾದ್ರೆ ಇನ್ನು ಮೇಲೆ ಪೀಟೀ ಮೇಡಂ. ಸೀಟಿ ಊದಿದ್ರೆ ನಾವೆಲ್ಲ ಸಾಲಾಗಿ ನಿಲ್ಬೇಕು," ಎಂದ.

"ನೀನು ಮೊದಲು ನಿಲ್ಬೇಕು. ಹೊಟ್ಟೆ ಬಂದಿದೆ ನಿಂಗೆ."

"ಬಂದಿರೋದು ಕೂತು ಬರೆದು. ಸುಮ್ನೆ ಬಂದಿದ್ದಲ್ಲ." ಅವನು ಪಲ್ಯ ಬದಿಗೆ ಸರಿಸಿದ. "ಫೀಸು ಯಾರು ಕಟ್ಟೋದು? ಹಾಸ್ಟೆಲ್ಲಿಗೆ ಯಾರು ಕಟ್ಟೋದು?"

ರಾಜ್ಯ ಮಟ್ಟದಲ್ಲಿ ಆಡಿದವರಿಗೆ ಫೀಸು ಮಾಫಿಯೆಂದೂ, ಊಟದ ಖರ್ಚು ಮಾತ್ರ ನಮ್ಮದೆಂದೂ ಮಾಲವಿಕಾ ಹೇಳಿದಳು. ಆ 'ಮಾತ್ರ' ಎಂಬ ಮಾತು ಅವನಿಗೆ ತಾಗಿತು. ಹಾಸನದ ಡಿಪ್ಲೊಮಾ ಕಾಲೇಜಿನಲ್ಲಿ ತನಗೆ ಸೀಟು ಸಿಕ್ಕಾಗಲೂ ಖರ್ಚು ಊಟದ್ದು ಮಾತ್ರವೇ ಆಗಿತ್ತು ಎಂದ. ಆ ವರ್ಷ ಅಪ್ಪಯ್ಯನಿಗೆ ಟೈಫಾಯ್ಡು ಬಂದು ದೇವಸ್ಥಾನದ ಪೂಜೆಗೆ ಜನವಿಲ್ಲದೆ ಅವನೇ ನಿಂತದ್ದು, ನಿಂತವನು ಮತ್ತೆ ಹೋಗದೇ ಇದ್ದದ್ದು ಎಲ್ಲರಿಗೂ ಗೊತ್ತಿರುವ ವಿಷಯ. ಯಾರೂ ಆಡದ ವಿಷಯವೂ ಹೌದು.

"ಈಗ ಅದೆಂತಕ್ಕೆ ಮಗಾ?" ಎಂದಳು ಸುಂದರಿ.

"ಎಂತಕ್ಕೂ ಇಲ್ಲ. ಹೇಳ್ದೆ ಅಷ್ಟೆ."

ಆ ರಾತ್ರಿ ಉಳಿದ ಕಳಲೆ ಪಲ್ಯವನ್ನು ಮುಚ್ಚಿಡುವಾಗ ಅವಳಿಗೆ ಇಬ್ಬರು ಮಕ್ಕಳಲ್ಲಿ ಯಾರ ಚಿಂತೆ ಮಾಡುವುದೆಂದು ತಿಳಿಯಲಿಲ್ಲ. ಮಗನದು ಆಗಿಹೋದದ್ದು, ಮಗಳದು ಆಗಬೇಕಾದದ್ದು ಎಂದು ಸಮಾಧಾನ ಮಾಡಿಕೊಂಡಳು. ಆ ಸಮಾಧಾನ ಒಂದು ನಿದ್ದೆಯಷ್ಟು ಹೊತ್ತೂ ಉಳಿಯಲಿಲ್ಲ.

ಮುಂದಿನ ವಾರ ಮಾಲವಿಕಾ ಮಾತು ಕಡಿಮೆ ಮಾಡಿದಳು. ಹಾಲು ಕರೆದಳು, ಹೊಂಡದಿಂದ ನೀರು ಹೊತ್ತಳು, ಅಜ್ಜಿಯ ಮಡಿಸೀರೆ ಒಲೆಯ ಮೇಲಿನ ಗಳುವಿನಲ್ಲಿ ಒಣಹಾಕಿದಳು, ಯಾವುದಕ್ಕೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಬಡಿಸಿದ ಅನ್ನದಲ್ಲಿ ಅರ್ಧ ಬಿಡತೊಡಗಿದಳು. ಓಡಬೇಕಾದ ಹುಡುಗಿ ಅರ್ಧ ಊಟಕ್ಕೆ ಎದ್ದರೆ ತಾಯಿಯ ಜೀವ ಹೇಗೆ ತಡೆಯುತ್ತದೆ? ಸುಂದರಿ ಹಾಲು ಕೊಡುವ ನೆವ ಮಾಡಿಕೊಂಡು ಗದ್ದೆಯಂಚು ದಾಟಿ ಕೃಷ್ಣಮ್ಮನ ಹತ್ತಿರ ಹೋದಳು.

ಕೃಷ್ಣಮ್ಮ ಕೇಳಿಸಿಕೊಂಡು, "ಬಟ್ರು ನಿಮಗೆ ಗಂಡ. ನಂಗೆ ಬಟ್ರು. ನಾನು ಒಳ್ಳೆ ದಿನ ಕೇಳಿದ್ರೆ ಇಲ್ಲ ಅಂತಾರಾ?" ಎಂದರು. "ನಮ್ಮ ಕೃತಿಕಾ ಮೈಸೂರಿಗೆ ಹೊರಟಿದಾಳೆ ಅಂತೀನಿ." ಕೃತಿಕಾ ಕೃಷ್ಣಮ್ಮನ ಮಗಳು, ಮಾಲವಿಕಾಳ ಓರಗೆಯವಳು.

"ಅವಳು ಹೊರಟಿದಾಳಾ?"

"ಇವತ್ತಲ್ಲ ನಾಳೆ ಹೊರಡ್ತಾಳೆ ಬಿಡಿ ಅಮ್ಮ. ಸುಳ್ಳಾಗಲ್ಲ."

ಮಾರನೇ ದಿನ ಕೃಷ್ಣಮ್ಮ ವೀಳ್ಯದೆಲೆ ಅಡಿಕೆ ಹಿಡಿದು ಬಂದು ಜಗಲಿಯಲ್ಲಿ ಕೂತರು. ಸುಂದರಿ ಅಡುಗೆಮನೆಯ ಬಾಗಿಲ ಹಿಂದೆ ನಿಂತಳು. ಭಟ್ಟರು ಪಂಚಾಂಗ ತೆಗೆದರು. ಆಷಾಢವಲ್ಲವೇ ಬಟ್ರೆ, ಆಗುತ್ತದೆಯೇ ಎಂದು ಕೃಷ್ಣಮ್ಮ ಬೇಕೆಂದೇ ಕೇಳಿದರು. ಭಟ್ಟರು ಮೃದುವಾಗಿ, ಮದುವೆ ಮುಂಜಿಗೆ ಆಷಾಢ ಬೇಡ, ಪ್ರಯಾಣಕ್ಕೆ ತಿಥಿ, ವಾರ, ನಕ್ಷತ್ರ ನೋಡಿದರೆ ಸಾಕು ಎಂದರು. ಬಾಗಿಲ ಹಿಂದೆ ಸುಂದರಿಗೆ ಕಿವಿ ಬಿಸಿಯಾಯಿತು. ಹೆಂಡತಿಗೆ ಒಂದು ಶಾಸ್ತ್ರ, ಊರಿಗೆ ಒಂದು ಶಾಸ್ತ್ರ.

"ಹುಡುಗಿ ನಕ್ಷತ್ರ ಯಾವುದು?"

"ಅನುರಾಧಾ," ಎಂದರು ಕೃಷ್ಣಮ್ಮ. ಅದು ಮಾಲವಿಕಾಳ ನಕ್ಷತ್ರ.

ಭಟ್ಟರ ಬೆರಳು ಎಣಿಸುತ್ತಾ ಒಮ್ಮೆ ನಿಂತಿತು. ಮತ್ತೆ ಎಣಿಸಿತು. ಹೊರಡಬೇಕಾದ ದಿನ ಸರಿಯಿಲ್ಲ ಎಂದರು. ಬುಧವಾರ ಬೆಳಗ್ಗೆ ಒಳ್ಳೆಯ ಗಳಿಗೆಯಿದೆ, ಅಷ್ಟು ಬೇಗ ಹೊರಡುವುದಾಗದಿದ್ದರೆ ಆ ಗಳಿಗೆಯಲ್ಲಿ ಪ್ರಸ್ಥಾನ ಇಡಿ ಎಂದರು. ಕೃಷ್ಣಮ್ಮನಿಗೆ ಅದು ಹೊಸದಲ್ಲ. ದೂರ ಹೋಗುವವರಿಗೆ ಒಳ್ಳೆಯ ಗಳಿಗೆ ಒಂದು ದಿನ, ಬಸ್ಸು ಇನ್ನೊಂದು ದಿನ ಆದರೆ, ಅವರಿಗೆ ಪ್ರಿಯವಾದ ಒಂದು ಸಾಮಾನನ್ನು ಆ ಗಳಿಗೆಯಲ್ಲಿ ಮನೆಯಿಂದಾಚೆ ಸಾಗಿಸಿ, ಹೋಗುವ ದಿಕ್ಕಿನ ಇನ್ನೊಬ್ಬರ ಮನೆಯಲ್ಲಿ ಇಡುತ್ತಾರೆ. ಸಾಮಾನು ಹೊರಟಿತೆಂದರೆ ಮನುಷ್ಯ ಹೊರಟ ಹಾಗೆ. ಆಮೇಲೆ ಅದನ್ನು ಹೊರಟ ಮನೆಗೆ ಮರಳಿ ತರಬಾರದು. ತಂದರೆ ಪ್ರಯಾಣ ಮುರಿದಂತೆ, ಹೋದ ಕೆಲಸ ಕೆಟ್ಟಂತೆ. ಇದನ್ನು ಭಟ್ಟರು ಯಾವಾಗಲೂ ಹೇಳಿಯೇ ಕಳಿಸುತ್ತಿದ್ದರು. ಅಂದೂ ಹೇಳಿದರು.

ಬುಧವಾರ ಬೆಳಗ್ಗೆ ಭಟ್ಟರು ದೇವಸ್ಥಾನಕ್ಕೆ ಇಳಿದ ಮೇಲೆ, ಅಜ್ಜಿ ಜಪಕ್ಕೆ ಕೂತಿದ್ದಾಗ, ಸುಂದರಿ ಮಗಳನ್ನು ಹಿತ್ತಿಲಿಗೆ ಕರೆದು, ನಿನಗೆ ಎಲ್ಲಕ್ಕಿಂತ ಬೇಕಾದ ಸಾಮಾನು ಯಾವುದೋ ಅದನ್ನು ತಾ ಎಂದಳು. ಸೀರೆಯೋ ಪುಸ್ತಕವೋ ತರುತ್ತಾಳೆಂದುಕೊಂಡಿದ್ದಳು. ಮಾಲವಿಕಾ ಕೊಟ್ಟಿಗೆಯ ಮಾಡಿನಡಿಯಿಂದ ತಂದದ್ದು ಬೂಟ್ಸು. ಕಳೆದ ವರ್ಷ ಕುದುರೆಮುಖದ ಮೈದಾನದಲ್ಲಿ ಗೆದ್ದಾಗ ತಂಡಕ್ಕೆ ಕೊಟ್ಟದ್ದು, ತಳಕ್ಕೆ ಒಮ್ಮೆ ಹೊಲಿಗೆ ಬಿದ್ದಿತ್ತು.

"ಎಕ್ಕಡಾನಾ? ತೆಂಗಿನಕಾಯಿ ಜೊತೆ ಎಕ್ಕಡಾನಾ ಮಾರಾಯ್ತಿ?"

"ನೀನೇ ಕೇಳಿದ್ದು ಅಮ್ಮ."

ಗಳಿಗೆ ಮೀರುತ್ತಿತ್ತು. ಸುಂದರಿ ಕಾಯಿ, ಅಕ್ಕಿ, ಅರಸಿನ ಕುಂಕುಮವನ್ನು ಒಂದು ಗಂಟು ಮಾಡಿದಳು, ಬೂಟ್ಸನ್ನು ಬೇರೆ ಬಟ್ಟೆಯಲ್ಲಿ ಸುತ್ತಿದಳು, ಎರಡೂ ತಾಗದ ಹಾಗೆ ಎರಡು ಕೈಯಲ್ಲಿ ಹಿಡಿದು ಗದ್ದೆಯಂಚಿನಲ್ಲಿ ನಡೆದಳು. ಕೃಷ್ಣಮ್ಮ ಕಾಯಿಯ ಗಂಟನ್ನು ದೇವರ ಮುಂದೆ ಇಟ್ಟು, ಬೂಟ್ಸನ್ನು ಜಗಲಿಯ ಗೂಡಿನಲ್ಲಿ ಇಟ್ಟರು. ಬರುವಾಗ ಸುಂದರಿ ಗದ್ದೆಯಂಚಿನಲ್ಲೇ ನಿಂತು ದೇವಸ್ಥಾನದ ಕಡೆಗೆ ಕೈಮುಗಿದಳು. ಗಂಡನಿಗೆ ಹೇಳದೆ ಗಂಡನದೇ ಮುಹೂರ್ತ ಕದ್ದವಳು ನಾನು, ದೇವರೇ, ಇದರ ಫಲ ನನಗೆ ಬರಲಿ, ಹುಡುಗಿಗೆ ಬಾರದಿರಲಿ ಎಂದು ಬೇಡಿಕೊಂಡಳು.

ಪ್ರಸ್ಥಾನದ ವಿಷಯ ಗಂಡನಿಗೆ ಯಾವಾಗ ಹೇಳುವುದು? ಊಟದ ಹೊತ್ತಿಗೆ ಎಂದುಕೊಂಡರೆ ಅಜ್ಜಿ ಇರುತ್ತಿದ್ದರು. ಸಂಜೆ ಎಂದುಕೊಂಡರೆ ಭಟ್ಟರು ದೀಪದ ಮುಂದೆ ಪದ್ಯ ಓದಲು ಕೂರುತ್ತಿದ್ದರು, ಆ ದನಿ ಮುರಿಯಲು ಅವಳಿಗೆ ಮನಸ್ಸಾಗುತ್ತಿರಲಿಲ್ಲ. ಹೀಗೆ ಒಂದೊಂದೇ ದಿನ ಜಾರಿತು. ಮಾಲವಿಕಾ ಮಾತ್ರ ಮತ್ತೆ ಹೊಟ್ಟೆ ತುಂಬ ಉಂಡಳು. ದಿನವೂ ಸಂಜೆ ಗೌಡರ ಮನೆಗೆ ಹೋಗಿ, ಗೂಡಿನಿಂದ ಬೂಟ್ಸು ತೆಗೆದು ಹಾಕಿಕೊಂಡು, ಅವರ ಕಾಫಿ ಒಣಗಿಸುವ ಕಣದಲ್ಲಿ ಓಡುತ್ತಿದ್ದಳು. ಮಳೆಗಾಲದಲ್ಲಿ ಕಣ ಖಾಲಿ. ಪಾಚಿ ಕಟ್ಟಿದ ಸಿಮೆಂಟಿನ ಮೇಲೆ ಬರಿಗಾಲಲ್ಲಿ ನಿಲ್ಲುವಂತಿರಲಿಲ್ಲ. ಓಡಿ ಮುಗಿದ ಮೇಲೆ ಬೂಟ್ಸು ಮತ್ತೆ ಗೂಡಿಗೆ. ಮನೆಗೆ ಮಾತ್ರ ತರಬೇಡ ಕಣೇ ಎಂದು ಸುಂದರಿ ದಿನವೂ ಹೇಳುವಳು, ಆಯ್ತಮ್ಮ ಎಂದು ಅವಳು ದಿನವೂ ಅನ್ನುವಳು.

ಹೊರಡುವ ದಿನ ಹತ್ತಿರ ಬಂದ ಶನಿವಾರ ಸಂಜೆ ಅಜ್ಜಿ ಬಚ್ಚಲಿನಿಂದ ಬರುತ್ತಾ ಅಂಗಳದಲ್ಲಿ ಜಾರಿ ಬಿದ್ದರು. ಸುಂದರಿ ಓಡಿಹೋಗಿ ಎತ್ತಲು ನೋಡಿದಳು, ಆಗಲಿಲ್ಲ. ಅಜ್ಜಿ ನೋವಿಗೆ ಕಣ್ಣು ಮುಚ್ಚಿದ್ದರು, ತುಟಿ ಬೆಳ್ಳಗಾಗಿತ್ತು. ಭಟ್ಟರು ದೇವಸ್ಥಾನದಲ್ಲಿ, ಅಭಿರಾಮನ ಬಸ್ಸು ಇನ್ನೂ ಬಂದಿರಲಿಲ್ಲ. ಜನ್ಮದಲ್ಲಿ ದನಿಯೆತ್ತದ ಸುಂದರಿ ಗದ್ದೆಯ ಕಡೆ ತಿರುಗಿ ಮಗಳ ಹೆಸರು ಹಿಡಿದು ಕೂಗಿದಳು.

ಮಾಲವಿಕಾ ಹೇಗೆ ಬಂದಳೋ. ಅಂಚಿನ ಮೇಲೆ ಒಂದು ಬಿಳಿ ಅಂಗಿ ಕಂಡಿತು, ಮರುಗಳಿಗೆಗೆ ಅಂಗಳದ ಬಾಯಿಯ ದಣಪೆಯ ಹತ್ತಿರ ಕಂಡಿತು. ಆ ಅಡ್ಡಗಳುಗಳನ್ನು ಸರಿಸದೆ ಅವಳು ಹಾರಿದಳು. ಒಂದು ಕಾಲು ಅಂಗಳದ ಕೆಸರಿನಲ್ಲಿ ಊರಿತು. ಅಷ್ಟರಲ್ಲಿ, ಕಾಲು ಹಿಡಿದುಕೊಂಡು ಬಿದ್ದಿದ್ದ ಅಜ್ಜಿ ಕಣ್ಣು ಬಿಟ್ಟು ನೋಡಿದ್ದು ಮೊಮ್ಮಗಳ ಮುಖವನ್ನಲ್ಲ.

"ಆ ಚರ್ಮದ ಸಾಮಾನು ದಣಪೆಯಿಂದಾಚೆ ಬಿಟ್ಟು ಬಾ."

ಹುಡುಗಿ ಅಭ್ಯಾಸ ಬಲದಿಂದ ಕಾಲು ಹಿಂದಕ್ಕೆ ಎಳೆದುಕೊಂಡು, ಬೂಟ್ಸು ಕಿತ್ತು ಆಚೆಗೆಸೆದು, ಬರಿಗಾಲಲ್ಲಿ ಬಂದು ಅಜ್ಜಿಯನ್ನು ತೋಳಲ್ಲಿ ಎತ್ತಿ ಜಗಲಿಗೆ ತಂದಳು. ಮೂಳೆ ಮುರಿದಿರಲಿಲ್ಲ. ಕಾಲು ಉಳುಕಿತ್ತು. ಮಾಲವಿಕಾ ಹಳೇ ಪಂಚೆ ಹರಿದು ಬಿಗಿಯಾಗಿ ಕಟ್ಟಿದಳು. ಬಿಗಿಯಾಯಿತು ಎಂದು ಬೈದುಕೊಂಡೇ ಅಜ್ಜಿ ಕಟ್ಟಿಸಿಕೊಂಡರು. ಆಮೇಲೆ ಸಾವರಿಸಿಕೊಂಡು ಕೇಳಿದರು. "ಅದು ಕೊಟ್ಟಿಗೆ ಮಾಡಲ್ಲಿ ಇರಲಿಲ್ಲವಲ್ಲ. ಇಷ್ಟು ದಿನ ಎಲ್ಲಿತ್ತು?"

ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾಲವಿಕಾಳಿಗೆ ಆಗ ನೆನಪಾಯಿತು. ಅವಳ ಮುಖದಿಂದ ರಕ್ತ ಇಳಿದದ್ದನ್ನು ಸುಂದರಿ ಕಂಡಳು.

ದೀಪ ಹಚ್ಚುವ ಹೊತ್ತು. ಆ ಹೊತ್ತಿನಲ್ಲಿ ಸುಳ್ಳಾಡಲು ಸುಂದರಿಯ ನಾಲಗೆ ಏಳಲಿಲ್ಲ. ಎಲ್ಲವನ್ನೂ ಹೇಳಿದಳು. ಅಜ್ಜಿ ಕೇಳಿಸಿಕೊಂಡು, ಕಾಲು ನೀವಿಕೊಂಡು, "ಇಟ್ಟಿದ್ದೂ ಕದ್ದು. ಇಟ್ಟ ಸಾಮಾನೂ ಎಕ್ಕಡ. ಅದೂ ತಿರುಗಿ ಬಂತು. ಇನ್ನು ಅವಳು ಹೋಗೋದು ಉಂಟಾ?" ಎಂದರು. ಗೆದ್ದ ದನಿಯಲ್ಲ ಅದು, ಹೆದರಿದ ದನಿ. ಅದಕ್ಕೇ ಸುಂದರಿಗೆ ಇನ್ನಷ್ಟು ಭಯವಾಯಿತು. ಅವಳೂ ನಂಬುವವಳೇ. ಉಪಾಯಕ್ಕೆಂದು ಇಟ್ಟ ಪ್ರಸ್ಥಾನವಲ್ಲ ಅದು, ನಂಬಿ ಇಟ್ಟದ್ದು. ಈಗ ಅದು ಮುರಿದಿದ್ದರೆ ಮಗಳನ್ನು ಯಾವ ಧೈರ್ಯದ ಮೇಲೆ ಬಸ್ಸು ಹತ್ತಿಸುವುದು? ಘಟ್ಟದ ತಿರುವುಗಳು, ಗುರುತಿಲ್ಲದ ಊರು, ಓಡುವಾಗ ಕಾಲು ತಪ್ಪಿದರೆ?

ಭಟ್ಟರೂ ಅಭಿರಾಮನೂ ಒಟ್ಟಿಗೇ ಬಂದರು. ದಾರಿಯಲ್ಲಿ ಸಿಕ್ಕಿದ್ದರಂತೆ. ಅಜ್ಜಿ ಬಿದ್ದದ್ದನ್ನು ಮೊದಲು ಹೇಳಿ, ಉಳಿದದ್ದನ್ನೂ ತಾವೇ ಹೇಳಿದರು. ಅಭಿರಾಮ ಚೀಲ ಇಳಿಸದೆ ಕಂಬಕ್ಕೆ ಒರಗಿ ನಿಂತ. ಭಟ್ಟರು ಕಾಲು ತೊಳೆದು ಬಂದು, ತಾಯಿಯ ಕಾಲಿನ ಕಟ್ಟು ಮುಟ್ಟಿ ನೋಡಿ, ಕೂತರು.

"ಇವಳಿಗೆ ಮುಹೂರ್ತ ಇಟ್ಟುಕೊಟ್ಟವರು ಯಾರು ಅಂತ ಕೇಳು," ಎಂದರು ಅಜ್ಜಿ.

"ನಾನೇ."

ಸುಂದರಿ ತಲೆಯೆತ್ತಿದಳು. ಭಟ್ಟರು ಅವಳ ಕಡೆ ನೋಡಲಿಲ್ಲ. "ಕೃತಿಕಾಳ ಜಾತಕ ಬರೆದವನು ನಾನು. ಅವಳದು ಅನುರಾಧಾ ಅಲ್ಲ," ಎಂದರು.

ಬಾಯಿಬಿಟ್ಟು ಹೋಗು ಅನ್ನಲಾರದ ಗಂಡ ಪಂಚಾಂಗದ ಮೂಲಕ ಅಂದಿದ್ದ, ಅದು ತನಗೆ ತಿಳಿಯಲಿಲ್ಲ. ಇಷ್ಟು ವರ್ಷ ದನಿ ಕೇಳಿದವಳು ಆ ಬೆರಳು ನಿಂತದ್ದನ್ನು ಕೇಳಲಿಲ್ಲವಲ್ಲ ಎಂದು ಸುಂದರಿ ಗಂಡನ ಕೈಯನ್ನೇ ನೋಡಿದಳು.

"ಎಕ್ಕಡ ಇಡಬಹುದಾ ಅಪ್ಪಯ್ಯ?" ಮಾಲವಿಕಾ ಮೆಲ್ಲಗೆ ಕೇಳಿದಳು.

"ಅವರವರಿಗೆ ಪ್ರಿಯವಾದದ್ದು ಅಂತ ಇರೋದು. ಮರದ್ದು, ಚರ್ಮದ್ದು ಅಂತ ಇಲ್ಲ." ಅವರು ತಾಯಿಯ ಕಡೆ ತಿರುಗಿದರು. "ಅಮ್ಮ, ನೀನು ಇಲ್ಲೇ ಇದ್ದೆ. ಅದು ಮನೆಗೆ ಬಂತಾ? ದಣಪೆ ದಾಟಿ ಒಳಗೆ ಬಂತಾ?"

ಕೆಸರಿನಲ್ಲಿ ಊರಿದ ಆ ಒಂದು ಕಾಲನ್ನು ಅವಳೂ ಕಂಡಿದ್ದಳು, ಅಜ್ಜಿಯೂ ಕಂಡಿದ್ದರು. ಅಜ್ಜಿ ಸುಳ್ಳು ಹೇಳುವವರಲ್ಲ. ಹಸುವಿನ ಹಾಲಿಗೆ ನೀರು ಬೆರೆಸಿದ್ದಾಳೆಂದು ಸೊಸೆಯ ತಂಗಿಗೇ ಮುಖಕ್ಕೆ ಹೇಳಿದವರು. ಅವರು ಮೊಮ್ಮಗಳನ್ನು ನೋಡಿದರು, ತಮ್ಮ ಕಾಲಿನ ಕಟ್ಟನ್ನು ನೋಡಿದರು, ಅಂಗಳದ ಕಡೆ ಮಾತ್ರ ನೋಡಲಿಲ್ಲ.

"ನಾ ಬಿಟ್ರಲ್ದಾ?" ಎಂದರು. "ನಾನು ಬದುಕಿರೋ ತನಕ ಆ ದರಿದ್ರ ಸಾಮಾನು ಈ ಅಂಗಳಕ್ಕೆ ಬರಕ್ಕೆ ಬಿಡ್ತೀನಾ?"

"ಹಾಗಾದ್ರೆ ಪ್ರಸ್ಥಾನ ಕೆಟ್ಟಿಲ್ಲ," ಎಂದರು ಭಟ್ಟರು. ಮೇಲೆದ್ದು ಪಂಚೆ ಸರಿಮಾಡಿಕೊಂಡು, ದೇವರ ಕೋಣೆಯ ಕಡೆ ಎರಡು ಹೆಜ್ಜೆ ಇಟ್ಟು ನಿಂತರು. "ದಶಮಿ ಬೆಳಗ್ಗೆಯೊಳಗೆ ಹೊರಡಬೇಕು. ಆಮೇಲೆ ಪ್ರಸ್ಥಾನಕ್ಕೆ ಬಲ ಇಲ್ಲ. ಸಾಮಾನು ಅಲ್ಲಿಯವರೆಗೆ ಗೌಡರ ಮನೇಲೇ ಇರಬೇಕು, ಹೀಗೆ ದಾರಿ ಮೇಲೆ ಬಿದ್ದಿರಬಾರದು."

ಹೋಗು ಎಂದು ಅವರು ಆಗಲೂ ಅನ್ನಲಿಲ್ಲ. ಅಜ್ಜಿ ಗೋಡೆಯ ಕಡೆ ಮಗ್ಗುಲಾಗಿ, ಬಸ್ಸಿನಲ್ಲಿ ಅವಳಿಗೆ ಹೊಟ್ಟೆ ತೊಳೆಸುತ್ತದೆ, ಹುಳಿ ಅವಲಕ್ಕಿ ಕಟ್ಟಿಕೊಡು, ದೋಸೆ ಬೇಡ ಎಂದು ಸೊಸೆಗೆ ಹೇಳಿದರು. ಮಾಲವಿಕಾ ಒಳಗೆ ಹೋಗಿ, ಬೇಕಿಲ್ಲದಿದ್ದರೂ ಒಲೆಗೆ ಸೌದೆ ಒಡ್ಡತೊಡಗಿದಳು. ಹೊಗೆಗೋ ಮತ್ತೆ ಯಾವುದಕ್ಕೋ ಮೂಗು ಸೇದುವುದು ಕೇಳಿಸಿತು.

ಸುಂದರಿ ಚೊಂಬು ಹಿಡಿದು ಅಂಗಳಕ್ಕಿಳಿದಳು. ದಣಪೆಯ ಈಚೆ, ಕೆಸರಿನಲ್ಲಿ, ಬೂಟ್ಸಿನ ತಳದ ಗೀರುಗಳು ಅಚ್ಚೊತ್ತಿದ ಹಾಗೆ ಇದ್ದವು. ಅವಳು ಹಿಂದೆ ಮುಂದೆ ನೋಡಿ ಅದರ ಮೇಲೆ ತನ್ನ ಕಾಲನ್ನು ಒತ್ತಿ ಉಜ್ಜಿದಳು. ದೇವರೇ, ನೀನು ನೋಡಿದ್ದೀಯ, ನೋಡಿಲ್ಲ ಅಂದುಕೋ ಎಂದು ಮನಸ್ಸಿನಲ್ಲೇ ಅಂದಳು. ತಿರುಗಿದರೆ ಅಭಿರಾಮ ಜಗಲಿಯ ಮೆಟ್ಟಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದಲೋ.

"ಅಮ್ಮ."

"ಎಂತ ಮಗಾ?"

"ನನ್ನ ಸರ್ತಿ ನೀನು ಎಂತಕ್ಕೆ ಪ್ರಸ್ಥಾನ ಇಡಲಿಲ್ಲ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಸುಂದರಿಗೆ ಹೇಳಲು ಏನಾದರೂ ಸಿಗುತ್ತಿತ್ತು. ಅಪ್ಪಯ್ಯನಿಗೆ ಟೈಫಾಯ್ಡು ಇತ್ತಲ್ಲೋ ಎನ್ನಬಹುದಿತ್ತು. ಅದು ಅವನಿಗೂ ಗೊತ್ತು. ಈ ವರ್ಷ ಬೇಡ ಮಗಾ ಎಂದವಳು ತಾನೇ, ಮುಂದಿನ ವರ್ಷ ಬಂದಾಗ ಆ ಮಾತು ಎತ್ತದೆ ಸುಮ್ಮನಿದ್ದವಳೂ ತಾನೇ. ಮಗ ಮನೆಯಲ್ಲಿದ್ದರೆ ಒಳ್ಳೆಯದೆಂದು ಆಗ ಒಳಗೊಳಗೇ ಅನ್ನಿಸಿತ್ತು. ಅದನ್ನು ಇವತ್ತಿನ ತನಕ ಯಾರಿಗೂ ಹೇಳಿಲ್ಲ.

"ನಂಗೆ ಆಗ ಧೈರ್ಯ ಇರಲಿಲ್ಲ ಅಭೀ," ಎಂದಳು.

ಅವನು ಕೊಡೆ ತೆಗೆದುಕೊಂಡು ಇಳಿದು ಬಂದು, ಅವಳನ್ನು ದಾಟಿ, ದಣಪೆಯ ಗಳು ಸರಿಸಿ ಆಚೆ ಹೋದ. ಬಗ್ಗಿ ಕೆಸರಿನೊಳಗಿಂದ ಬೂಟ್ಸನ್ನು ಲೇಸು ಹಿಡಿದು ಎತ್ತಿದ. ಹಿಂದಿರುಗಿ ನೋಡದೆ ನಡೆದ. ಗದ್ದೆಯಂಚಿನ ದಾರಿ ಕೆಳಗಿಳಿದು ಎರಡಾಗುತ್ತದೆ. ಒಂದು ಗೌಡರ ಮನೆಗೆ, ಒಂದು ಹಳ್ಳಕ್ಕೆ. ಹಳ್ಳ ಆ ದಿನಗಳಲ್ಲಿ ದಡ ತುಂಬಿ ಕೆಂಪಗೆ ಹರಿಯುತ್ತಿತ್ತು.

ಮಂಜು ಇಳಿದು ಕೊಡೆ ಮರೆಯಾಯಿತು. ಸುಂದರಿ ಚೊಂಬು ಹಿಡಿದುಕೊಂಡೇ ನಿಂತಳು. ಒಳಗೆ ಭಟ್ಟರು ಗಂಟಲು ಸರಿಮಾಡಿಕೊಂಡು ಪದ್ಯ ಶುರು ಮಾಡಿದರು. ಅವಳು ಅದನ್ನು ಕೇಳಲಿಲ್ಲ. ಕಿವಿಯೆಲ್ಲ ಗದ್ದೆಯ ಕಡೆಗೇ ಇತ್ತು. ಹಳ್ಳದ ಮೊರೆತ, ಕಪ್ಪೆಗಳ ಗದ್ದಲ, ಅದರ ನಡುವೆ ಒಂದು ಹೆಜ್ಜೆಯ ಸದ್ದಾದರೂ ಸಿಕ್ಕೀತೇ ಎಂದು ಹುಡುಕುತ್ತಿದ್ದಳು. ಬಹಳ ಹೊತ್ತಾದ ಹಾಗೆ ಅನ್ನಿಸಿತು.

ಕೊನೆಗೆ ಗೌಡರ ಮನೆಯ ನಾಯಿ ಬೊಗಳಿತು. ಒಂದು ಸಲ, ಎರಡು ಸಲ ಜೋರಾಗಿ, ಆಮೇಲೆ ಗುರುತಿನವರು ಬಂದಾಗ ಮಾಡುವ ಹಾಗೆ ಕುಂಯಿಗುಟ್ಟಿ ಸುಮ್ಮನಾಯಿತು. ಕೃಷ್ಣಮ್ಮ ಯಾರನ್ನೋ ಒಳಗೆ ಬಾ ಎಂದು ಕರೆದದ್ದು, ಕಾಫಿ ಕುಡಿದು ಹೋಗು ಎಂದದ್ದು ತೇಲಿ ಬಂತು.

ಸುಂದರಿ ಕಾಲು ತೊಳೆದುಕೊಂಡು, ಮಗನಿಗೆ ಬಿಸಿ ಅನ್ನ ಮಾಡಲು ಒಳಗೆ ಹೋದಳು.